ಕೈಗೆ ಬಂದ ಮೀನು ಬಿಟ್ಟಾಗ...

ಅಳತೆಪಟ್ಟಿಯ ಮೇಲಿಟ್ಟಾಗ ಮೀನು ಸರಿಯಾಗಿ 23 ಇಂಚು ಇತ್ತು. ಹೊಂಬಣ್ಣದ ಮೈ, ಬೆನ್ನ ಮೇಲೆ ಮುಳ್ಳಿನ ರೆಕ್ಕೆ, ಗಾಜಿನ ಗೋಲಿಯಂಥ ಕಣ್ಣು. ನಾನು ಹುಟ್ಟಿದಾಗಿನಿಂದ ಹಿಡಿದ ಮೀನುಗಳಲ್ಲೇ ದೊಡ್ಡದು ಅದು. ಖುಷಿಯಿಂದ ಕೂಗಬೇಕು ಅನ್ನುವಷ್ಟರಲ್ಲಿ ದೋಣಿ ನಡೆಸುತ್ತಿದ್ದ ಅಜ್ಜ ಹೇಳಿದರು, 'ಫೋಟೊ ಬೇಕಿದ್ದರೆ ಬೇಗ ತೆಗೆದುಕೊ. ಆಮೇಲೆ ನೀರಿಗೆ ಬಿಡು.'

ಅದು ಜೂನ್ ಮೊದಲ ವಾರ. ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರ ಭಾಗದಲ್ಲಿರುವ ಅಪ್ಪರ್ ರೆಡ್ ಲೇಕ್ ಎಂಬ ಸರೋವರ. ನಾನು ತೀರ್ಥಹಳ್ಳಿ ಕಡೆಯ ಹಳ್ಳಿಯವನು. ಮಿನ್ನಿಯಾಪೊಲಿಸ್‌ನಲ್ಲಿ ಎಂ.ಎಸ್. ಮುಗಿಸಿ ಆಗಷ್ಟೇ ಮೂರು ವಾರವಾಗಿತ್ತು. ಕೆಲಸ ಸಿಕ್ಕಿರಲಿಲ್ಲ. ಓದು ಮುಗಿದ ಮೇಲೆ ನಮ್ಮಂಥ ವಿದೇಶಿ ವಿದ್ಯಾರ್ಥಿಗಳಿಗೆ ಅಲ್ಲಿ ಕೆಲಸ ಮಾಡಲು ಅನುಮತಿ ಸಿಗುತ್ತದೆ ನಿಜ, ಆದರೆ ಆ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಎಣಿಸುತ್ತಿದ್ದುದು ಆ ದಿನಗಳನ್ನೇ. ನನ್ನ ಮುಖ ನೋಡಲಾಗದೆ ಸಹಪಾಠಿಯೊಬ್ಬ, 'ಎರಡು ದಿನ ಲ್ಯಾಪ್‌ಟಾಪ್ ಮುಚ್ಚಿಡು, ಬಾ, ನಮ್ಮಜ್ಜನ ಜೊತೆ ವಾಲೈ ಹಿಡಿಯೋಣ' ಎಂದು ಎಳೆದುಕೊಂಡು ಹೋಗಿದ್ದ. ನಗರದಿಂದ ಸುಮಾರು ಐದು ಗಂಟೆಯ ದಾರಿ.

ವಾಲೈ ಅಂದರೆ ಅಲ್ಲಿಯವರಿಗೆ ಬರೀ ಮೀನಲ್ಲ, 1965ರಿಂದ ಅದು ಮಿನ್ನೆಸೋಟದ ರಾಜ್ಯಮೀನು. ಹಿಮ ಕರಗಿದ ಮೇಲೆ, ಏಪ್ರಿಲ್ ಹೊತ್ತಿಗೆ, ಕಲ್ಲು–ಜಲ್ಲಿ ಇರುವ ಕಡೆ ಮೊಟ್ಟೆ ಇಡುತ್ತದೆ. ಆಗ ಅದನ್ನು ಹಿಡಿಯುವಂತಿಲ್ಲ. ಮೇ ಮಧ್ಯದ ಒಂದು ಶನಿವಾರ ಋತು ಶುರುವಾಗುತ್ತದೆ. ಅದು ಅಲ್ಲಿ ಹಬ್ಬವಿದ್ದಂತೆ, ರಾಜ್ಯದ ಗವರ್ನರ್ ಕೂಡ ಗಾಳ ಹಿಡಿದು ದೋಣಿ ಹತ್ತುತ್ತಾರೆ. ಈ ಮೀನಿನ ಕಣ್ಣಿನೊಳಗೆ ಬೆಳಕನ್ನು ಹಿಂದಕ್ಕೆ ಎಸೆಯುವ ಪದರವೊಂದಿದೆ. ಹಾಗಾಗಿ ಮಬ್ಬಿನಲ್ಲೂ ಬೇಟೆಯಾಡಬಲ್ಲದು. ಹೆಚ್ಚಿನ ಸರೋವರಗಳಲ್ಲಿ ಅದು ಚೆನ್ನಾಗಿ ಕಚ್ಚುವುದು ಮುಂಜಾವು, ಮುಸ್ಸಂಜೆಗಳಲ್ಲಿ, ಇಲ್ಲವೇ ಗಾಳಿಯೆದ್ದು ನೀರು ಕಲಕಿದಾಗ. ಅಪ್ಪರ್ ರೆಡ್ ಲೇಕ್‌ನ ನೀರು ಸುತ್ತಲಿನ ಜೌಗುನೆಲದಿಂದಾಗಿ ಡಿಕಾಕ್ಷನ್ ಬಣ್ಣಕ್ಕಿದೆ, ಆಳವೂ 20 ಅಡಿಗಿಂತ ಕಡಿಮೆ. ಅದರಿಂದ ಅಲ್ಲಿ ಹಗಲಲ್ಲೂ ಗಾಳ ಹಾಕಬಹುದು.

ನನಗೆ ನಗು ತರಿಸಿದ್ದು ಎರೆ. ಸಣ್ಣ ಮೀನಿನ ಜೊತೆಗೆ ಅಜ್ಜ ಒಂದು ಡಬ್ಬಿ ಜಿಗಣೆಯನ್ನೂ ದುಡ್ಡು ಕೊಟ್ಟು ತಂದಿದ್ದರು! ಮಳೆಗಾಲವಿಡೀ ಕಾಲಿಗೆ ಹತ್ತಿದ ಇಂಬಳ ಕಿತ್ತು ಎಸೆಯುವುದೇ ಕೆಲಸವಾದ ಊರಿನವನಿಗೆ ಇದಕ್ಕಿಂತ ತಮಾಷೆ ಏನಿದೆ? 'ನಮ್ಮೂರಿಗೆ ಬನ್ನಿ, ಪುಕ್ಕಟೆ ಕೊಡ್ತೀನಿ' ಅಂದೆ. ಅವರೂ ನಕ್ಕರು.

ಆದರೆ ಆ 23 ಇಂಚಿನ ಮೀನನ್ನು ಬಿಡು ಅಂದಾಗ ನಗು ಬರಲಿಲ್ಲ. ನಾವು ಹೋದಾಗ ಅಲ್ಲಿದ್ದ ನಿಯಮ ಇಷ್ಟೇ: ಒಬ್ಬರಿಗೆ ನಾಲ್ಕು ವಾಲೈ, ಅದರಲ್ಲಿ 17 ಇಂಚಿಗಿಂತ ಉದ್ದದ್ದು ಒಂದೇ ಒಂದು. ನಾನು ಬೆಳಿಗ್ಗೆಯೇ 18 ಇಂಚಿನದೊಂದನ್ನು ಇಟ್ಟುಕೊಂಡಿದ್ದೆ. ಸುತ್ತ ನೋಡಿದೆ. ಕಣ್ಣು ಹಾಯುವವರೆಗೂ ನೀರು. ಇನ್ನೊಂದು ದೋಣಿ ಚುಕ್ಕಿಯಷ್ಟು ದೂರದಲ್ಲಿತ್ತು. 'ಇಲ್ಲಿ ಯಾರು ನೋಡ್ತಾರೆ?' ಎಂದು ಕೇಳಿಯೇಬಿಟ್ಟೆ.

ಅಜ್ಜ ಸಿಟ್ಟಾಗಲಿಲ್ಲ. 'ನಾನು ನಿನ್ನ ವಯಸ್ಸಿನಲ್ಲಿದ್ದಾಗಲೂ ಯಾರೂ ನೋಡುತ್ತಿರಲಿಲ್ಲ. ಆಗಲೇ ಈ ಸರೋವರ ಖಾಲಿಯಾಗಿದ್ದು' ಎಂದರು.

ಖಾಲಿಯಾಗಿ ತುಂಬಿದ ಕತೆ

ಸಂಜೆ ಒಂಬತ್ತು ಗಂಟೆಯಾದರೂ ಬೆಳಕು ಹೋಗದ ಆ ಊರಿನಲ್ಲಿ ಕೂತು ಅವರು ಹೇಳಿದ ಕತೆಯನ್ನು ಆಮೇಲೆ ನಾನೂ ಹುಡುಕಿ ಓದಿದೆ. ಮೇಲಿನ ಮತ್ತು ಕೆಳಗಿನ ರೆಡ್ ಲೇಕ್ ಸೇರಿದರೆ ಸುಮಾರು 2.88 ಲಕ್ಷ ಎಕರೆ. ನಮ್ಮ ಬೆಂಗಳೂರು ಮಹಾನಗರಕ್ಕಿಂತ ದೊಡ್ಡದು. ಕೆಳಗಿನ ಸರೋವರ ಪೂರ್ತಿ, ಮೇಲಿನದರ ಅರ್ಧಕ್ಕಿಂತ ಹೆಚ್ಚು ಭಾಗ ರೆಡ್ ಲೇಕ್ ಬ್ಯಾಂಡ್ ಎಂಬ ಒಜಿಬ್ವೆ ಮೂಲನಿವಾಸಿಗಳಿಗೆ ಸೇರಿದ್ದು. ಉಳಿದ ಪೂರ್ವದ ಭಾಗ ಮಾತ್ರ ರಾಜ್ಯದ್ದು, ನಮ್ಮಂಥವರು ಗಾಳ ಹಾಕುವುದು ಅಲ್ಲಿ. ಮೊದಲ ಮಹಾಯುದ್ಧದ ಹೊತ್ತಿನಲ್ಲಿ, 1917ರಲ್ಲಿ, ಆಹಾರದ ಕೊರತೆ ನೀಗಲೆಂದು ಅಲ್ಲಿ ವ್ಯಾಪಾರಿ ಮೀನುಗಾರಿಕೆ ಶುರುವಾಯಿತು. ಯುದ್ಧ ಮುಗಿದರೂ ಬಲೆ ನಿಲ್ಲಲಿಲ್ಲ. ಮೂಲನಿವಾಸಿಗಳ ನೂರಾರು ಕುಟುಂಬಗಳ ಅನ್ನ ಅದರಲ್ಲಿತ್ತು. ರಾಜ್ಯದ ಭಾಗದಲ್ಲಿ ಹವ್ಯಾಸಿ ಗಾಳಗಾರರು, ಎರಡೂ ಕಡೆ ಕಳ್ಳ ಬೇಟೆ. 'ನಾನು ಬಿಟ್ಟರೆ ಅವನು ಹಿಡಿಯುತ್ತಾನೆ' ಎಂದು ಎಲ್ಲರೂ ಹಿಡಿದರು. 1990ರ ದಶಕದ ಮಧ್ಯದ ಹೊತ್ತಿಗೆ ವಾಲೈ ಕುಸಿದುಬಿತ್ತು.

ಆಮೇಲೆ ನಡೆದದ್ದನ್ನು ಗಮನಿಸಿ. ಮೊದಲು ಕೈ ಹಿಂದಕ್ಕೆ ತೆಗೆದವರು ರಜೆಯಲ್ಲಿ ಮೋಜಿಗೆ ಬರುತ್ತಿದ್ದವರಲ್ಲ, ಮೀನನ್ನೇ ನಂಬಿದ್ದ ಮೂಲನಿವಾಸಿಗಳು. 1997ರಲ್ಲಿ ಅವರು ತಾವಾಗಿಯೇ ವ್ಯಾಪಾರಿ ಮೀನುಗಾರಿಕೆ ನಿಲ್ಲಿಸಿದರು. 1999ರಲ್ಲಿ ಬುಡಕಟ್ಟಿನ ಆಡಳಿತ, ರಾಜ್ಯ ಮತ್ತು ಕೇಂದ್ರ ಸರ್ಕಾರ ಒಪ್ಪಂದಕ್ಕೆ ಸಹಿ ಹಾಕಿದವು. ಇಡೀ ಸರೋವರದಲ್ಲಿ ವಾಲೈ ಹಿಡಿಯುವುದು ಬಂದ್ ಆಯಿತು. 1999, 2001, 2003 – ಈ ಮೂರು ವರ್ಷ ಒಟ್ಟು 10 ಕೋಟಿಗೂ ಹೆಚ್ಚು ಮರಿಗಳನ್ನು ಬಿಟ್ಟರು. ಬಿಟ್ಟು ಕಾದರು. 2006ರ ಮೇ ತಿಂಗಳಲ್ಲಿ ಮತ್ತೆ ಗಾಳ ಇಳಿಯಿತು. ಏಳು ವರ್ಷ! ಇವತ್ತು ಬುಡಕಟ್ಟಿನವರ ಮೀನು ಘಟಕ ಮತ್ತೆ ನಡೆಯುತ್ತಿದೆ, ದಡದ ಊರುಗಳಿಗೆ ಗಾಳಗಾರರು ಮತ್ತೆ ಬರುತ್ತಿದ್ದಾರೆ. ಎಷ್ಟು ಮೀನಿದೆ ಎಂದು ಬಲೆ ಹಾಕಿ ಲೆಕ್ಕ ತೆಗೆದು, ಎಷ್ಟು ಹಿಡಿಯಬಹುದು ಎಂದು ನಿರ್ಧರಿಸುತ್ತಾರೆ. 17 ಇಂಚಿನ ಗೆರೆಯೂ ಅದೇ ಲೆಕ್ಕದ್ದು. ದೊಡ್ಡ ಹೆಣ್ಣು ಮೀನೊಂದು ಒಂದು ಸಲಕ್ಕೆ ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ನನ್ನ ಕೈಯಲ್ಲಿದ್ದದ್ದು ಒಂದು ಮೀನಲ್ಲ, ಮುಂದಿನ ಎಷ್ಟೋ ಜನರ ಮೀನು.

'ಹೊಟ್ಟೆ ತುಂಬಿದವರ ಮಾತು'

ಈ ಕತೆಯನ್ನು ಊರಿನ ಗೆಳೆಯನಿಗೆ ಫೋನಿನಲ್ಲಿ ಹೇಳಿದೆ. 'ಅವರಿಗೆ ಹೊಟ್ಟೆ ತುಂಬಿದೆ, ಬಿಡ್ತಾರೆ. ನಮಗೆ ಹೇಳಬೇಡ ಮಾರಾಯ' ಅಂದ. ತುಂಬಾ ಜನ ಹೀಗೇ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಮಾತು ತಪ್ಪು. ರೆಡ್ ಲೇಕ್‌ನಲ್ಲಿ ಮೊದಲು ಬಿಟ್ಟವರು ಹೊಟ್ಟೆ ತುಂಬಿದವರಲ್ಲ. ಕಳೆದುಕೊಳ್ಳಲು ಹೆಚ್ಚು ಇದ್ದವರೇ ಮೊದಲು ಬಿಟ್ಟರು, ಯಾಕೆಂದರೆ ಸರೋವರ ಸತ್ತರೆ ಹೆಚ್ಚು ಕಳೆದುಕೊಳ್ಳುವವರೂ ಅವರೇ. ರಜೆಗೆ ಬರುವವನಿಗೆ ಇನ್ನೊಂದು ಸರೋವರ ಸಿಗುತ್ತದೆ.

ಅಷ್ಟು ದೂರ ಯಾಕೆ? ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮೀನು ಮರಿ ಮಾಡುವ ಕಾಲ ಎಂದು ಮಲ್ಪೆ, ಮಂಗಳೂರಿನ ಬೋಟುಗಳು ದಡದಲ್ಲಿ ಕೂರುತ್ತವೆ. ಶೃಂಗೇರಿಯ ತುಂಗೆಯಲ್ಲಿ ಮಠದ ಮೆಟ್ಟಿಲ ಬಳಿಯ ಮೀನಿಗೆ ಮಂಡಕ್ಕಿ ಹಾಕಿ ಕೈಮುಗಿಯುತ್ತೇವೆ, ಗಾಳ ಹಾಕುವುದಿಲ್ಲ. ಬಿಡುವುದು ನಮಗೆ ಗೊತ್ತಿಲ್ಲದ ವಿದ್ಯೆ ಏನಲ್ಲ.

ಆದರೆ ಅದೇ ಜೂನ್ ತಿಂಗಳಲ್ಲಿ ನಮ್ಮೂರಿನ ಹಳ್ಳದಲ್ಲಿ ಏನು ನಡೆಯುತ್ತದೆ? ಮೊದಲ ಮಳೆಗೆ ನೀರು ಏರಿದ ಕೂಡಲೇ ಮೊಟ್ಟೆ ಇಡಲು ಮೀನುಗಳು ಹರಿವಿಗೆ ಎದುರಾಗಿ ಗದ್ದೆಯ ಕಡೆ ಹತ್ತುತ್ತವೆ. ನಾವು ಅದನ್ನು ಹತ್ತುಮೀನು ಅನ್ನುತ್ತೇವೆ. ರಾತ್ರಿ ಟಾರ್ಚು, ಕತ್ತಿ, ಬಿದಿರಿನ ಕೂಣಿ ಹಿಡಿದು ಹೊರಡುವ ಸಂಭ್ರಮ ನನಗೂ ಗೊತ್ತು, ಅಪ್ಪ, ದೊಡ್ಡಪ್ಪನ ಹಿಂದೆ ನಾನೂ ಹೋಗಿದ್ದೇನೆ. ಹೊಟ್ಟೆ ತುಂಬ ಮೊಟ್ಟೆ ಇರುವ ಮೀನಿಗೇ ರುಚಿ ಹೆಚ್ಚು ಎಂದು ಹುಡುಕಿ ಹಿಡಿದಿದ್ದೇವೆ. ಬೇಸಿಗೆಯಲ್ಲಿ ಗುಂಡಿಗೆ ಬ್ಲೀಚಿಂಗ್ ಪೌಡರ್ ಹಾಕಿ ಮರಿಯನ್ನೂ ಬಿಡದೆ ಬಾಚುವವರನ್ನು ನೋಡಿ ಸುಮ್ಮನಿದ್ದೇವೆ. ಈಗ 'ಹಳ್ಳದಲ್ಲಿ ಮೊದಲಿನ ಹಾಗೆ ಮೀನೇ ಇಲ್ಲ' ಎಂದು ಕೊರಗುತ್ತೇವೆ. ಮಿನ್ನೆಸೋಟದವರು ಯಾವ ಕಾಲದಲ್ಲಿ ಗಾಳವನ್ನು ಗೂಟಕ್ಕೆ ಸಿಕ್ಕಿಸಿಡುತ್ತಾರೋ ಸರಿಯಾಗಿ ಅದೇ ಕಾಲಕ್ಕೆ ನಾವು ಕತ್ತಿ ಮಸೆಯುತ್ತೇವೆ.

ಇನ್ನೊಂದು ಸರೋವರ

ಮೀನು ಬಿಡುವ ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇನ್ನೊಂದು ವಿಷಯವೂ ಓಡುತ್ತಿತ್ತು. ಹಿಂದಿನ ವಾರವಷ್ಟೇ ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯೊಂದರಿಂದ ಕರೆ ಬಂದಿತ್ತು. ರೆಸ್ಯೂಮೆಯಲ್ಲಿ ಮೂರು ವರ್ಷದ ಅನುಭವ ಸೇರಿಸಿಕೊಡುತ್ತೇವೆ, ಯಾರಾದರೂ ಫೋನ್ ಮಾಡಿ ವಿಚಾರಿಸಿದರೆ ಉತ್ತರಿಸಲು ನಮ್ಮವರೇ ಇದ್ದಾರೆ ಎಂದಿದ್ದರು. 'ಎಲ್ಲರೂ ಮಾಡ್ತಾರೆ, ಯಾರು ನೋಡ್ತಾರೆ?' ಎಂಬುದು ಅವರ ಮಾತು. ಯೋಚಿಸಿ ಹೇಳುತ್ತೇನೆ ಎಂದಿದ್ದೆ. ನಿಜ ಹೇಳಬೇಕೆಂದರೆ ಹೂಂ ಅನ್ನುವುದರ ಹತ್ತಿರ ಬಂದಿದ್ದೆ.

ಅಜ್ಜನ ಬಾಯಲ್ಲಿ ಸರೋವರದ ಕತೆ ಕೇಳಿದ ಮೇಲೆ ಒಂದು ಪ್ರಶ್ನೆ ಬಿಡದೆ ಕಾಡಿತು. ಎಷ್ಟೋ ಕಂಪನಿಗಳು ನಮ್ಮ ಕಡೆಯ ಹುಡುಗರ ರೆಸ್ಯೂಮೆ ನೋಡಿದ ಕೂಡಲೇ ಅನುಮಾನಪಡುವುದು ಯಾಕೆ? ನಮಗಿಂತ ಮುಂಚೆ ಬಂದ ಕೆಲವರು ಹೀಗೇ ಒಂದೊಂದು ಸುಳ್ಳು ಸೇರಿಸಿದ್ದರಿಂದ ಅಲ್ಲವೇ? ಅವರಿಗೆ ಕೆಲಸ ಸಿಕ್ಕಿತು, ಲೆಕ್ಕ ಚುಕ್ತಾ ಮಾಡುತ್ತಿರುವವರು ನಾವು. ಊರಿನಲ್ಲೂ ಇದೇ ಅಲ್ಲವೇ ನಡೆಯುವುದು? ಒಂದು ಪ್ರಶ್ನೆಪತ್ರಿಕೆ ಸೋರಿದರೆ ವರ್ಷಗಟ್ಟಲೆ ಲೈಬ್ರರಿಯಲ್ಲಿ ಕೂತು ಓದಿದವನು ಮತ್ತೆ ಪರೀಕ್ಷೆ ಬರೆಯಬೇಕು. ನಂಬಿಕೆಯೂ ಎಲ್ಲರಿಗೂ ಸೇರಿದ ಸರೋವರವೇ. ನನ್ನದೊಂದರಿಂದ ಏನಾಗುತ್ತದೆ ಎಂದು ಒಬ್ಬೊಬ್ಬರೂ ಒಂದೊಂದು ಎತ್ತಿಕೊಂಡರೆ ಅದೂ ಖಾಲಿಯಾಗುತ್ತದೆ. ತುಂಬುವುದಕ್ಕೆ ಏಳು ವರ್ಷ ಸಾಲದೇನೋ.

ಕನ್ಸಲ್ಟೆನ್ಸಿಗೆ ಬೇಡ ಎಂದೆ. ನನಗೆ ಕೆಲಸ ಸಿಕ್ಕಿದ್ದು 74ನೇ ದಿನ, ಸಣ್ಣದೊಂದು ಕಂಪನಿಯಲ್ಲಿ, ಅಂದುಕೊಂಡದ್ದಕ್ಕಿಂತ ಕಡಿಮೆ ಸಂಬಳಕ್ಕೆ. ಅದು ಮೀನು ಬಿಟ್ಟ ಪುಣ್ಯ ಎಂದು ನಾನು ಹೇಳುವುದಿಲ್ಲ. ಸಿಗದೆಯೂ ಹೋಗಬಹುದಿತ್ತು, ಸಾಲದ ಕಂತು ಹೊತ್ತು ಊರಿಗೆ ಮರಳಬೇಕಾಗುತ್ತಿತ್ತು. ಬಿಟ್ಟವನಿಗೆ ಬೆಲೆ ತೆರಬೇಕಾಗುತ್ತದೆ, ಅದನ್ನು ಮುಚ್ಚಿಡಬಾರದು. ವರ್ಷಗಟ್ಟಲೆ ಬಲೆ ಇಳಿಸದ ಕುಟುಂಬಗಳೂ ಬೆಲೆ ತೆತ್ತವು. ಆದರೆ ಬಿಡದಿದ್ದರೆ ತೆರಬೇಕಾದ ಬೆಲೆ ಇನ್ನೂ ದೊಡ್ಡದು, ಅದು ಬೇರೆಯವರ ಹೆಸರಿಗೆ ಬರುತ್ತದೆ ಅಷ್ಟೇ.

ಗೆಳೆಯರೇ, ನಿಯಮ ಅಂದರೆ ದಂಡಕ್ಕೆ ಹೆದರುವವರಿಗೆ, ಜಾಣರಿಗೆ ಅಲ್ಲ ಎಂಬ ಮಾತು ನಮ್ಮ ಹಾಸ್ಟೆಲುಗಳಲ್ಲಿ, ಪಿ.ಜಿ.ಗಳಲ್ಲಿ ಸಲೀಸಾಗಿ ಓಡಾಡುತ್ತದೆ. ನಾನೂ ಹಾಗೆ ಮಾತಾಡಿದವನೇ. ಆದರೆ ಅಷ್ಟಗಲ ನೀರಿಗೆ ಎಷ್ಟು ಕಾವಲುಗಾರರನ್ನು ಇಡಲು ಸಾಧ್ಯ? ನೀರಿನ ಮೇಲೆ ಒಬ್ಬನೇ ಇದ್ದಾಗಲೂ ಅಳತೆಪಟ್ಟಿ ತೆಗೆಯುವ ಜನ ಇರುವುದರಿಂದಲೇ ಅಲ್ಲಿ ಇವತ್ತಿಗೂ ಮೀನಿದೆ. ಅಳೆದು ಲೆಕ್ಕ ಹಾಕುವ ತಜ್ಞರೂ ಬೇಕು. ಅದನ್ನು ಕಲಿಯಲು ಅಮೆರಿಕಕ್ಕೇ ಹೋಗಬೇಕಿಲ್ಲ, ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ. ಪಿಯುಸಿ ವಿಜ್ಞಾನ ಮುಗಿಸಿ ಮುಂದೇನು ಎಂದು ಕೂತಿರುವ ತಮ್ಮ ತಂಗಿಯರು ಅದನ್ನೂ ಒಮ್ಮೆ ವಿಚಾರಿಸಿ ನೋಡಲಿ.

ಈ ಸಲ ಮುಂಗಾರು ಶುರುವಾದಾಗ ನಾನು ರಜೆ ಹಾಕಿ ಊರಿಗೆ ಬರುತ್ತಿದ್ದೇನೆ. ಟಾರ್ಚು ಹಿಡಿದು ಹಳ್ಳದ ದಂಡೆಗೆ ಹೋಗುವುದಂತೂ ಖಂಡಿತ. ಮೀನು ಹತ್ತುವುದನ್ನು ನೋಡುತ್ತೇನೆ, ಹಿಡಿಯುವುದಿಲ್ಲ. ಗೆಳೆಯ ನಗುತ್ತಾನೆ, ಗೊತ್ತು. ನಗಲಿ. ಅವನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತೇನೆ.

ಅಂದು ದೋಣಿಯ ಅಂಚಿನಲ್ಲಿ ಬಗ್ಗಿ ಆ ಮೀನನ್ನು ಎರಡೂ ಕೈಯಲ್ಲಿ ನೀರೊಳಗೆ ಹಿಡಿದುಕೊಂಡಿದ್ದೆ. ಸ್ವಲ್ಪ ಹೊತ್ತು ಅದು ಅಲುಗಲಿಲ್ಲ. ಕಿವಿರು ಎರಡು ಸಲ ತೆರೆದು ಮುಚ್ಚಿತು. ಆಮೇಲೆ ಬಾಲ ಬೀಸಿ, ನನ್ನ ಮುಖಕ್ಕೆ ಡಿಕಾಕ್ಷನ್ ಬಣ್ಣದ ನೀರು ಎರಚಿ ಹೋಯಿತು. 'ಈಗ ಜಿಗಣೆ ಸಿಕ್ಕಿಸು' ಎಂದರು ಅಜ್ಜ, 'ನಿನಗಿನ್ನೂ ಮೂರು ಬಾಕಿ ಇದೆ.'