ಕೊಟ್ಟರೆ ಮರಳಿ ಬಾರದ ಬಂದೂಕು

ಕೆನಡಾದ ಗ್ರಾಮಾಂತರ ಪ್ರದೇಶಗಳಲ್ಲಿ, ಹಿರಿಯರಿಂದ ಬಂದ ಸೊತ್ತುಗಳ ನಡುವೆ ಲೀ-ಎನ್‌ಫೀಲ್ಡ್ ಬಂದೂಕೊಂದು ಇರುವುದು ಅಪೂರ್ವವೇನಲ್ಲ. ಎರಡನೆಯ ಮಹಾಯುದ್ಧದ ತರುವಾಯ ಹೆಚ್ಚುವರಿಯೆಂದು ಅಗ್ಗಕ್ಕೆ ವಿಕ್ರಯವಾದ ಈ ಸೇನಾಬಂದೂಕುಗಳು ಎಷ್ಟೋ ಕುಟುಂಬಗಳಿಗೆ ಚಳಿಗಾಲದ ಮಾಂಸವನ್ನು ಒದಗಿಸಿದುವು. ಅಂತಹುದೊಂದನ್ನು ಅಂಗಡಿಗೆ ಒಪ್ಪಿಸಿ, ಬದಲಿಗೆ ನೂತನವಾದ ಬೇಟೆಯ ರೈಫಲನ್ನು ತರಬಹುದೇ ಎಂದು ಯೋಚಿಸುವವನು, ಪಡೆಯುವ ವಸ್ತುವಿನ ಗುಣವನ್ನು ಎಣಿಸುವಷ್ಟೇ ಶ್ರದ್ಧೆಯಿಂದ ಕಳೆದುಕೊಳ್ಳುವ ವಸ್ತುವಿನ ಸ್ವರೂಪವನ್ನೂ ಪರ್ಯಾಲೋಚಿಸತಕ್ಕುದು.

ಹೊಸದರ ಪರವಾದ ವಾದ ದುರ್ಬಲವಾದುದಲ್ಲ. ಹಳೆಯದು ನಾಲ್ಕು ಕಿಲೋಗ್ರಾಂಗಳಷ್ಟು ಭಾರ. ಹೊಸದು ಹಗುರ, ದುರ್ಬೀನನ್ನು ಕೂರಿಸಲು ಸಿದ್ಧವಾದುದು. ಪ್ರಾಣಿಯನ್ನು ಕೊಲ್ಲಲು ಹೊರಟವನ ಪ್ರಥಮ ಧರ್ಮವು ಅದನ್ನು ನರಳಿಸದೆ ಒಂದೇ ಗುಂಡಿಗೆ ಕೆಡಹುವುದಾದುದರಿಂದ, ಮಬ್ಬು ಬೆಳಕಿನಲ್ಲಿ ಗುರಿಯನ್ನು ನಿಚ್ಚಳವಾಗಿ ಕಾಣಿಸುವ ಸಾಧನವನ್ನು ಯಾರೂ ಹಳಿಯಲಾರರು. 1947ರಲ್ಲಿ ಸ್ಥಾಪಿತವಾಗಿ ದಶಕಗಳ ಕಾಲ ಲೀ-ಎನ್‌ಫೀಲ್ಡನ್ನೇ ನೆಚ್ಚಿದ್ದ ಕೆನಡಾದ ರೇಂಜರ್ ಪಡೆಯೂ, ಬಿಡಿಭಾಗಗಳು ದುರ್ಲಭವಾದ ಕಾರಣ, ಈಚೆಗೆ ಸಿ-19 ಎಂಬ ಹೊಸ ರೈಫಲಿಗೆ ಬದಲಾಯಿತು.

ಆದರೆ ಬೇಟೆಯ ರೈಫಲು ಇಂದು ದೊರೆಯುವಂತೆ ಬರುವ ವರ್ಷವೂ ದೊರೆಯುವುದು. ಮೂಲರೂಪದಲ್ಲಿ ಉಳಿದ ಸೇನಾಬಂದೂಕನ್ನು ಇನ್ನು ಯಾವ ಕಾರ್ಖಾನೆಯೂ ಮಾಡಿಕೊಡಲಾರದು. ಟೊರಾಂಟೊ ಸಮೀಪದ ಲಾಂಗ್ ಬ್ರಾಂಚಿನಲ್ಲಿ ತಯಾರಾದ ಬಂದೂಕಿನ ಮೇಲಿನ ಮುದ್ರೆ, ವರ್ಷ, ಅಂಗಾಂಗಗಳ ಮೇಲೆ ಹೊಂದಿಕೆಯಾಗುವ ಸಂಖ್ಯೆಗಳು, ಇವೆಲ್ಲವೂ ಕೂಡಿ ಅದನ್ನೊಂದು ದಾಖಲೆಯನ್ನಾಗಿ ಮಾಡಿವೆ. ಭಾರ ತಗ್ಗಿಸಲೆಂದು ಮುಂಭಾಗದ ಮರವನ್ನು ಕತ್ತರಿಸಿದರೆ, ದುರ್ಬೀನಿಗಾಗಿ ಉಕ್ಕಿನಲ್ಲಿ ರಂಧ್ರ ಕೊರೆದರೆ, ಆ ದಾಖಲೆ ಅಳಿಯುತ್ತದೆ. ಹಾಗೆ ಈಗಾಗಲೇ ಕತ್ತರಿಸಲ್ಪಟ್ಟುದಾದರೆ ಅದು ಬೇಟೆಯ ಬಂದೂಕೇ ಆಗಿಹೋಗಿದೆ. ಅದನ್ನು ಬದಲಾಯಿಸಿಕೊಳ್ಳಲು ಅಳುಕಬೇಕಾಗಿಲ್ಲ.

1972ರ ಕಾಯಿದೆಯು ವನ್ಯಮೃಗಗಳ ಬೇಟೆಯನ್ನು ನಿಷೇಧಿಸಿದ ನಮ್ಮ ದೇಶದಲ್ಲಿ ಇಂತಹ ವಿನಿಮಯದ ಪ್ರಶ್ನೆ ಬಹುಮಟ್ಟಿಗೆ ಏಳದು. ಆದರೂ ವಿಷಯವು ನಮಗೆ ಪರಕೀಯವಲ್ಲ. ನಮ್ಮ ಜನ 'ತ್ರೀ ನಾಟ್ ತ್ರೀ' ಎಂದು ಕರೆಯುವ ಬಂದೂಕು ಇದೇ; ಬಂಗಾಳದ ಇಶಾಪುರದಲ್ಲಿ ತಯಾರಾದುದು ಇದೇ; ಬರ್ಮಾದ ರಣರಂಗದಲ್ಲಿ ಭಾರತೀಯ ಸೈನಿಕರು ಹೊತ್ತುದೂ ಇದನ್ನೇ. ಇಶಾಪುರದ ಮುದ್ರೆಯುಳ್ಳ ಬಂದೂಕುಗಳು ಉತ್ತರ ಅಮೆರಿಕದ ಮಾರುಕಟ್ಟೆಯನ್ನೂ ಮುಟ್ಟಿರುವುದರಿಂದ, ಅಲ್ಲಿನವನೊಬ್ಬನು ತನ್ನ ಬಂದೂಕನ್ನು ಕಾಪಾಡಿದರೆ ನಮ್ಮ ಚರಿತ್ರೆಯ ತುಣುಕನ್ನೂ ಕಾಪಾಡಿದಂತಾದೀತು.

ಆದುದರಿಂದ ನನ್ನ ಅಭಿಪ್ರಾಯವಿಷ್ಟು: ಮೂಲರೂಪ ಕೆಡದಿದ್ದರೆ ವಿನಿಮಯ ಬೇಡ. ತಜ್ಞನಾದ ಬಂದೂಕು ಕಮ್ಮಾರನಿಂದ ಪರೀಕ್ಷೆ ಮಾಡಿಸಿ, ಸುಸ್ಥಿತಿಯಲ್ಲಿದ್ದರೆ, ಕಣ್ಣಿಗೂ ಕೈಗೂ ಅಭ್ಯಾಸವಾದಷ್ಟು ದೂರದಲ್ಲಿ ಅದರಿಂದಲೇ ಬೇಟೆಯಾಡಲಿ; .303 ತೋಟಾ ಇಂದಿಗೂ ಜಿಂಕೆಗೆ ಸಾಲದಾದುದಲ್ಲ. ದೂರದ ಗುರಿ ಅನಿವಾರ್ಯವಾದರೆ ಹಣ ಕೂಡುವ ತನಕ ಕಾದು ಹೊಸದನ್ನು ಬೇರೆಯಾಗಿ ಕೊಳ್ಳಲಿ. ಕಾಯಲಾಗದ ಬಡತನವಿದ್ದರೆ, ಕತ್ತರಿಸದೆ ಕಾಪಿಡುವ ಭರವಸೆಯುಳ್ಳವನಿಗೇ ಅದನ್ನು ಕೊಡಲಿ. ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ವೃತ್ತಾಂತವನ್ನು ಬರೆದು ಜೊತೆಯಲ್ಲಿಡಲಿ. ಒಡೆತನ ಕೈಬಿಟ್ಟರೂ ಹೊಣೆ ಕೈಬಿಡಲಾಗದು.