ಯಾರ ಸಿಟ್ಟು ಚೆಂದ?

1971ರಲ್ಲಿ ‘ಶರಪಂಜರ’, 1972ರಲ್ಲಿ ‘ನಾಗರಹಾವು’. ಎರಡೂ ಪುಟ್ಟಣ್ಣ ಕಣಗಾಲರ ಚಿತ್ರಗಳು. ತ್ರಿವೇಣಿಯವರ ಕಾದಂಬರಿ ಒಂದಕ್ಕೆ ಆಧಾರವಾದರೆ, ತ.ರಾ.ಸು. ಅವರ ಕಾದಂಬರಿಗಳು ಇನ್ನೊಂದಕ್ಕೆ. ಎರಡರಲ್ಲೂ ಮನಸ್ಸು ಅಂಕೆ ಮೀರಿದ ಒಂದೊಂದು ಜೀವವಿದೆ. ಆ ಇಬ್ಬರನ್ನೂ ನಾವು ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ.

‘ನಾಗರಹಾವಿ’ನ ರಾಮಾಚಾರಿ ಪರೀಕ್ಷೆಯಲ್ಲಿ ನಕಲು ಹೊಡೆದು ಸಿಕ್ಕಿಬಿದ್ದವನು. ಶಿಕ್ಷೆ ಕೊಟ್ಟ ಪ್ರಿನ್ಸಿಪಾಲರ ಮನೆಗೆ ರಾತ್ರಿ ಕಲ್ಲು ತೂರುತ್ತಾನೆ. ಹೊರಗೆ ಓಡಿಬಂದವರನ್ನು ಅರೆಬೆತ್ತಲೆಯಾಗಿ ಕಂಬಕ್ಕೆ ಕಟ್ಟುತ್ತಾನೆ. ತಪ್ಪು ಯಾರದೆಂದು ಕೇಳಬೇಕಾಗಿಯೇ ಇಲ್ಲ. ಆದರೂ ಅಭಿಮಾನಿಗಳು ಅವನ ಪರ: ಬಿಸಿರಕ್ತ, ಮನಸ್ಸು ಅಪರಂಜಿ, ಊರೇ ಅವನನ್ನು ಅರ್ಥಮಾಡಿಕೊಳ್ಳಲಿಲ್ಲ. ಕೊನೆಗೆ ಅವನು ತಳ್ಳಿದ ರಭಸಕ್ಕೆ ಅವನ ಗುರು ಚಾಮಯ್ಯ ಮೇಷ್ಟ್ರೇ ಬಿದ್ದು ಸತ್ತಾಗಲೂ ನಮ್ಮ ಕಣ್ಣೀರಿನಲ್ಲಿ ಅವನಿಗೂ ಪಾಲಿದೆ. 2014ರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ಯ ನಾಯಕನಂತೂ ಆ ಹೆಸರನ್ನೂ ಸಿಟ್ಟನ್ನೂ ಹೆಮ್ಮೆಯಿಂದ ಹೊತ್ತು ತಿರುಗಿದ.

‘ಶರಪಂಜರ’ದ ಕಾವೇರಿ ಏನು ಮಾಡಿದ್ದಳು? ಬಾಣಂತನದಲ್ಲಿ ಮನಸ್ಸು ಕದಡಿತು, ಆಸ್ಪತ್ರೆ ಸೇರಿ ಗುಣವಾಗಿ ಮನೆಗೆ ಬಂದಳು. ಆಮೇಲೆ ಅವಳು ನಕ್ಕರೂ ಅನುಮಾನ, ರೇಗಿದರೂ ಅನುಮಾನ. ಗಂಡ ಇನ್ನೊಬ್ಬಳ ಸಂಗ ಮಾಡಿದ್ದು ತಿಳಿದು ಕೂಗಾಡಿದರೆ ಅದೂ ಹುಚ್ಚಿನ ಲೆಕ್ಕಕ್ಕೇ ಹೋಯಿತು. ಮನಃಶಾಸ್ತ್ರ ಓದಿದ್ದ ತ್ರಿವೇಣಿ ಎತ್ತಿ ತೋರಿಸಿದ್ದು ಈ ಅನ್ಯಾಯವನ್ನೇ. ಥಿಯೇಟರಿನಲ್ಲಿ ಮರುಗಿದ ನಾವೇ ಹೊರಗೆ ಬಂದು, ಕಾವೇರಿಯಾಗಿ ನಟಿಸಿದ ಕಲ್ಪನಾ ಅವರ ಆ ನೋಟ, ಆ ಬಿಕ್ಕಳಿಕೆಯನ್ನು ಮಿಮಿಕ್ರಿಗೆ ಸರಕು ಮಾಡಿಕೊಂಡೆವು, ‘ಸ್ವಲ್ಪ ಅತಿಯಾಯ್ತು’ ಎಂದೆವು. ರಾಮಾಚಾರಿಯ ಸಿಟ್ಟಿಗೆ ಕಾರಣ ಹುಡುಕಿಕೊಟ್ಟ ನಾವೇ ಕಾವೇರಿಯ ಸಂಕಟಕ್ಕೆ ಅಳತೆಗೋಲು ಹಿಡಿದೆವು.

ಹೆಣ್ಣಿನ ರೋಷವನ್ನು ನಾವು ಮೆಚ್ಚುವುದೇ ಇಲ್ಲವೆಂದರೆ ತಪ್ಪಾದೀತು. ‘ನಾಗರಹಾವಿ’ನಲ್ಲೇ ಒನಕೆ ಓಬವ್ವ ಇದ್ದಾಳೆ. ಗಂಡ ಊಟಕ್ಕೆ ಕೂತಿದ್ದಾಗ, ಕೋಟೆಯ ಕಿಂಡಿಯಲ್ಲಿ ನುಸುಳಿದ ಹೈದರಾಲಿಯ ಸೈನಿಕರ ತಲೆಯ ಮೇಲೆ ಓಬವ್ವನ ಪಾತ್ರದ ಜಯಂತಿ ಒನಕೆ ಎತ್ತಿ ಹಾಕುವ ದೃಶ್ಯಕ್ಕೆ ಇವತ್ತಿಗೂ ಮೈ ನವಿರೇಳುತ್ತದೆ. ಅಲ್ಲಿ ಯಾರಿಗೂ ಅತಿ ಅನ್ನಿಸಿಲ್ಲ. ಅವಳ ಸಿಟ್ಟು ಕೋಟೆಗಾಗಿ. ಕಾವೇರಿ ಕೂಗಿದ್ದು ತನಗಾಗಿ. ನಮ್ಮ ಔದಾರ್ಯ ಅಲ್ಲಿಗೆ ನಿಂತುಬಿಡುತ್ತದೆ, ಇದು ನನ್ನನ್ನು ಬಹಳ ನೋಯಿಸುತ್ತದೆ.

ಸಿನಿಮಾ, ಧಾರಾವಾಹಿಗಳ ಬಗ್ಗೆ ನಮಗೆ ಬರೆದು ಕಳಿಸುವ ಗೆಳೆಯರಲ್ಲಿ ಒಂದು ಕೋರಿಕೆ. ‘ನಾಯಕಿ ಅತಿಭಾವುಕಳು’ ಎಂದು ಬರೆಯುವಾಗ, ಅದೇ ದೃಶ್ಯದಲ್ಲಿ ಗಂಡಸು ಏನು ಮಾಡುತ್ತಿದ್ದ ಎಂಬುದನ್ನೂ ಬರೆಯಿರಿ. ಕಾವೇರಿಯ ಮೇಲೆ ನಮಗೆ ಲೇಖನಗಳು ಬರುತ್ತಲೇ ಇವೆ. ಅವಳ ಗಂಡ ಸತೀಶನ ಮೇಲೆ ಈವರೆಗೆ ಒಂದೂ ಬಂದಿಲ್ಲ.