ರಥಬೀದಿಯ ಹಿಂದಿನ ಒಂದು ಕೋಣೆ

ಕಾರ್ಕಳದ ನನ್ನ ಚಿಕ್ಕಮ್ಮ ಶಾಲೆಯಿಂದ ನಿವೃತ್ತರಾಗಿ ಐದು ವರ್ಷವಾಯಿತು. ಆನೆಕೆರೆ ಕಡೆಯ ಮನೆ, ಬಾವಿ, ಆರು ತೆಂಗಿನ ಮರ, ಗುಡಿಸಿ ಮುಗಿಯದ ಅಂಗಳ, ಇಷ್ಟರ ನಡುವೆ ಅವರೊಬ್ಬರೇ. ದೀಪಾವಳಿಗೆ ಹೋದಾಗ ಮೊಬೈಲನ್ನು ನನ್ನ ಮುಂದೆ ಹಿಡಿದರು. ಉಡುಪಿ ರಥಬೀದಿಯ ಹಿಂದಿನ ಓಣಿಯಲ್ಲಿ ಒಂದು ಹಳೆ ಮನೆಯನ್ನು ನಾಲ್ಕು ಪಾಲು ಮಾಡಿ, ಹೊಸದಾಗಿ ಸಜ್ಜುಗೊಳಿಸಿ, ಒಂದೊಂದು ಪಾಲನ್ನೂ ‘ಸ್ಟುಡಿಯೋ’ ಎಂದು ಮಾರಾಟಕ್ಕಿಟ್ಟಿದ್ದರು. “ನಂಗೆ ಇಷ್ಟು ಸಾಕು ಮಗಾ. ಬೆಳಗ್ಗೆ ಎದ್ದು ದೇವಸ್ಥಾನಕ್ಕೆ ನಡ್ಕೊಂಡೇ ಹೋಗಬಹುದು. ನೀನೊಮ್ಮೆ ನೋಡಿ ಬಾ” ಎಂದರು.

ನೋಡಿ ಬಂದೆ. ಅದು ನೆಲಮಹಡಿಯ ಪಾಲು. ಒಂದು ಕೋಣೆ, ಗೋಡೆಗೆ ಒತ್ತಿದ ಅಡುಗೆಕಟ್ಟೆ, ಬಚ್ಚಲು. ಜಾಹೀರಾತಿನಲ್ಲಿ 320 ಚದರ ಅಡಿ ಎಂದಿತ್ತು. ಟೇಪು ಹಿಡಿದಾಗ ಒಳಗೆ ಸಿಕ್ಕಿದ್ದು 248. ಮಿಕ್ಕದ್ದು ಗೋಡೆಯ ದಪ್ಪಕ್ಕೆ ಮತ್ತು ಹೊರಗಿನ ನಡೆದಾರಿಯ ಪಾಲಿಗೆ ಹೋಗಿತ್ತು. ಕಿಟಕಿಯ ಕೆಳಗೆ ಎರಡಡಿ ಅಗಲದಷ್ಟು ಹಳೆಯ ಕೆಂಪು ನೆಲವನ್ನು ಹಾಗೇ ಉಳಿಸಿದ್ದರು. ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ. ಪಕ್ಕದ ಹೊಸ ಟೈಲ್ಸಿಗೂ ಅದಕ್ಕೂ ಇರುವ ವ್ಯತ್ಯಾಸ ಅಂಗಾಲಿಗೆ ತಿಳಿಯುತ್ತದೆ. ಎಷ್ಟು ಜನರ ಕಾಲು ಸವೆಸಿ ಆದ ನುಣುಪೋ ಅದು.

ಇಂಥ ಕೋಣೆಯ ಪರವಾಗಿ ಹೇಳಬೇಕಾದ ಮೊದಲ ಮಾತು ಬೀದಿಯದು. ಕೃಷ್ಣಮಠ, ಅನಂತೇಶ್ವರ, ಚಂದ್ರಮೌಳೀಶ್ವರ, ಸುತ್ತ ಅಷ್ಟಮಠಗಳು. ಮಧ್ಯಾಹ್ನ ಮಠದಲ್ಲಿ ಊಟ, ಸಂಜೆ ರಥೋತ್ಸವ, ರಾಜಾಂಗಣದಲ್ಲಿ ಪ್ರವಚನವೋ ಯಕ್ಷಗಾನವೋ. ದಾರಿಯಲ್ಲಿ ಶಂಕರಪುರ ಮಲ್ಲಿಗೆಯ ಚೆಂಡು, ಕಾಲದಲ್ಲಿ ಮಟ್ಟುಗುಳ್ಳ. ಕೋಣೆ ಚಿಕ್ಕದೆಂದು ಅಲ್ಲಿ ಯಾರೂ ಉಸಿರುಗಟ್ಟಿ ಕೂರಬೇಕಾಗಿಲ್ಲ, ರಥಬೀದಿಯೇ ಚಾವಡಿಯಾಗುತ್ತದೆ. ಕಾರ್ಕಳದ ದೊಡ್ಡ ಮನೆಯಲ್ಲಿ ದಿನವಿಡೀ ಮಾತಾಡಲು ಜನವಿಲ್ಲದ ಚಿಕ್ಕಮ್ಮನಿಗೆ ಇದು ಸಣ್ಣ ಲಾಭವಲ್ಲ.

ಎರಡನೆಯದು ಮನೆಯ ಕಡೆಯಿಂದ. ನಮ್ಮ ಜಿಲ್ಲೆಯ ಹಳೆ ಮನೆಗಳು ಉಳಿದ ಬಗೆ ನೋಡಿ. ಕೆಡವಿ ಹಾಕಲಿದ್ದ ಮನೆಗಳ ಕಂಬ, ತೊಲೆ, ಬಾಗಿಲು ಬಿಚ್ಚಿ ತಂದು ವಿಜಯನಾಥ ಶೆಣೈಯವರು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಮತ್ತೆ ಎಬ್ಬಿಸಿದರು. ಕುಂಜೂರಿನ ಚೌಕಿಮನೆ, ಕಾರ್ಕಳ ಪಕ್ಕದ ಮಿಯಾರಿನ ಮನೆ ಅಲ್ಲಿವೆ. ಅವರು ಮಾಡದಿದ್ದರೆ ಅವು ಸೌದೆಯಾಗುತ್ತಿದ್ದವು. ಆದರೆ ಅಲ್ಲಿನ ಒಲೆಯಲ್ಲಿ ಬೆಂಕಿಯಿಲ್ಲ. ರಥಬೀದಿಯ ಮನೆ ಇದ್ದಲ್ಲೇ ಇದ್ದು, ಒಬ್ಬ ಹೆಂಗಸು ಅದರಲ್ಲಿ ಹಾಲು ಕಾಯಿಸುವುದಾದರೆ ನಾಲ್ಕು ಪಾಲಾದರೂ ಚಿಂತೆಯಿಲ್ಲ ಎಂದು ನನಗೆ ತೋರುತ್ತದೆ.

ಇನ್ನು ಗೋಡೆಯ ವಿಷಯ. ಬಟ್ಟೆಯ ಕಪಾಟಿನ ಹಿಂದೆ ಕೈ ಹಾಕಿ ಉಜ್ಜಿದೆ. ಬೆರಳಿಗೆ ಬಿಳಿ ಪುಡಿ ಬಂತು, ನಾಲಗೆಗೆ ಮುಟ್ಟಿಸಿದರೆ ಉಪ್ಪು. ಮುರಕಲ್ಲಿನ ಗೋಡೆ ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ಸುಣ್ಣದ ಗಾರೆ, ಸುಣ್ಣದ ಸಾರಣೆ ಇದ್ದಾಗ ಆ ತೇವ ಬೇಸಿಗೆಯಲ್ಲಿ ಹೊರಗೆ ಆರಿಹೋಗುತ್ತಿತ್ತು. ಈಗ ಮೇಲೆ ಸಿಮೆಂಟು ಬಳಿದು, ಅದರ ಮೇಲೆ ಪ್ಲಾಸ್ಟಿಕ್ ಪೇಂಟ್ ಹೊಡೆದಿದ್ದಾರೆ; ತೇವಕ್ಕೆ ದಾರಿಯಿಲ್ಲ. ವರ್ಷಕ್ಕೆ 4,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಊರಿನಲ್ಲಿ ಆ ಬಣ್ಣ ಎರಡು ಮಳೆಗಾಲಕ್ಕೆ ಹೊಪ್ಪಳೆ ಏಳುತ್ತದೆ, ಬಟ್ಟೆಗೆ ಬೂಸ್ಟು ಹಿಡಿಯುತ್ತದೆ. ಮೇಲಿನ ಮರದ ಮುಚ್ಚಿಗೆಯನ್ನು ಫಾಲ್ಸ್ ಸೀಲಿಂಗ್ ಮುಚ್ಚಿತ್ತು. “ಒಂದು ಹಲಗೆ ಬಿಚ್ಚಿ ತೋರಿಸಿ, ಒರಲೆ ಉಂಟಾ ನೋಡುವ” ಎಂದೆ. “ಎಲ್ಲ ಟ್ರೀಟ್‌ಮೆಂಟ್ ಆಗಿದೆ ಸರ್, ನೀವು ಬಂದು ಕೂತರೆ ಸಾಕು” ಎಂದರು ದಲ್ಲಾಳಿ. ಹಲಗೆ ಬಿಚ್ಚಲಿಲ್ಲ.

ನೀರು ಎರಡು ಬಗೆಯಲ್ಲಿ ಕಾಡುವ ಜಾಗ ಅದು. 2020ರ ಸೆಪ್ಟೆಂಬರ್ 20ರಂದು ಇಂದ್ರಾಣಿ ತೋಡು ಉಕ್ಕಿ ಕಲ್ಸಂಕ, ಮಠದ ಪಾರ್ಕಿಂಗ್ ಜಾಗವೆಲ್ಲ ಮುಳುಗಿದ್ದನ್ನು ಉಡುಪಿಯವರು ಮರೆತಿಲ್ಲ. ನೆಲಮಹಡಿ ಎಂದರೆ ಮೆಟ್ಟಿಲು ಹತ್ತುವ ಕಷ್ಟವಿಲ್ಲ, ಆ ಭಯ ಮಾತ್ರ ಉಂಟು. ಬೇಸಿಗೆಯಲ್ಲಿ ತದ್ವಿರುದ್ಧ: ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಲ್ಲಿ ನೀರು ತಳ ಹಿಡಿದರೆ ನಗರಕ್ಕೆ ಸರದಿಯ ಮೇಲೆ ನೀರು, 2019ರಲ್ಲಿ ಆದಂತೆ. ಈ ಮನೆಗೆ ಹಿತ್ತಿಲಲ್ಲಿ ಬಾವಿಯಿದೆ. ಅದು ನಾಲ್ಕೂ ಪಾಲಿಗೆ ಸೇರಿದ್ದು ಎಂದು ಕ್ರಯಪತ್ರದಲ್ಲಿ ಬರೆಯುತ್ತಾರೋ ಇಲ್ಲವೋ, ಅದು ಮುಖ್ಯ.

ಕಾಗದಪತ್ರಗಳಲ್ಲಿ ನನಗೆ ಹೆಚ್ಚು ಹೆದರಿಕೆ. ಒಂದೇ ಡೋರ್ ನಂಬ್ರದ ಮನೆಯನ್ನು ನಾಲ್ಕು ಮಾಡಿದಾಗ ನಾಲ್ಕಕ್ಕೂ ಬೇರೆ ಬೇರೆ ಇ-ಖಾತೆ ಆಗಿರಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ಘೋಷಣಾ ಪತ್ರ ನೋಂದಣಿಯಾಗಿ, ಅಡಿಯ ಜಾಗದಲ್ಲಿ ಇಂತಿಷ್ಟು ಅವಿಭಜಿತ ಪಾಲು ಎಂದು ಕಾಣಿಸಿರಬೇಕು. ಹಳೆ ಕಟ್ಟಡ ಒಂದು ದಿನ ಬಿದ್ದರೆ ಕೈಯಲ್ಲಿ ಉಳಿಯುವುದು ಆ ಪಾಲು ಮಾತ್ರ. 2016ರ ರೇರಾ ಕಾಯ್ದೆಯ ನೋಂದಣಿ 500 ಚದರ ಮೀಟರ್‌ಗಿಂತ ಚಿಕ್ಕ ಜಾಗದ ನಾಲ್ಕು ಪಾಲಿನ ಕೆಲಸಕ್ಕೆ ಬೇಕಿಲ್ಲ, ಹಾಗಾಗಿ ಆ ರಕ್ಷೆಯೂ ಇಲ್ಲ. ಇನ್ನು ಜಾಗವೇ ಮೂಲಗೇಣಿಯದು, ಅಂದರೆ ಶಾಶ್ವತ ಗೇಣಿಯದು, ಆಗಿದ್ದರೆ? ಕರಾವಳಿಯ ಹಳೆ ಪೇಟೆಗಳಲ್ಲಿ ಇದು ಅಪರೂಪವಲ್ಲ. ಮೂಲಗೇಣಿದಾರರಿಗೆ ಒಡೆತನ ಕೊಡಲು 2011ರ ಕಾಯ್ದೆ ಬಂತು ನಿಜ. ಆದರೂ ಜಾಗದ ಮೂಲ ಒಡೆಯನಾದ ಮೂಲಿದಾರ ಯಾರು, ಅವರ ಹಕ್ಕು ತೀರಿದೆಯೇ ಎಂದು ವಕೀಲರು ಹಳೆ ದಸ್ತಾವೇಜು ಓದಿಯೇ ಹೇಳಬೇಕು.

ಕಾಪುವಿನ ಭಾವ ಈ ವ್ಯವಹಾರವನ್ನೇ ಬೇರೆಯಾಗಿ ನೋಡುತ್ತಾರೆ. “ಹಾಕುವುದಾದರೆ ಮಣಿಪಾಲದಲ್ಲಿ ಹಾಕು. ವರ್ಷ ವರ್ಷ ಕಾಲೇಜಿಗೆ ಹೊಸ ಮಕ್ಕಳು ಬರ್ತಾರೆ, ಬಾಡಿಗೆ ತಪ್ಪುವುದಿಲ್ಲ.” ಹಣ ಬೆಳೆಸುವವರಿಗೆ ಅವರ ಮಾತು ಸರಿ, 2020ರ ಕೊರೊನಾ ಕಾಲದಲ್ಲಿ ಮಕ್ಕಳೆಲ್ಲ ಊರಿಗೆ ಹೋಗಿ ಕೋಣೆಗಳು ಬೀಗ ಹಾಕಿಕೊಂಡದ್ದನ್ನು ನೆನಪಿಟ್ಟುಕೊಂಡರೆ. ರಥಬೀದಿಯ ಕೋಣೆಯನ್ನು ಕೊಂಡು ಬೇಗ ಮಾರುವವರಿಗಂತೂ ಲಾಭ ಕಾಣೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೇ ಶೇ 1ರಿಂದ ಶೇ 2ಕ್ಕೆ ಏರಿದೆ. ಅಲ್ಲದೆ ಇಂಥ ಕೋಣೆಗಳು ಯಾತ್ರಿಕರ ದಿನಬಾಡಿಗೆಗೆ ಹೋದರೆ ಬೀದಿಯಲ್ಲಿ ನೆರೆಕರೆ ಎಂಬುದೇ ಉಳಿಯುವುದಿಲ್ಲ. ಆ ಬೀದಿಯ ಬೆಲೆ ಅಲ್ಲಿ ಬಾಳುವವರಿಂದ ಬಂದದ್ದು.

ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಪರ್ಯಾಯದ ಗದ್ದಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಎರಡು ವರ್ಷಕ್ಕೊಮ್ಮೆ ಜನವರಿ 18ರ ನಸುಕಿಗೆ ಜೋಡುಕಟ್ಟೆಯಿಂದ ಮೆರವಣಿಗೆ ಬರುವಾಗ ಆ ಓಣಿಗೆ ಆಂಬ್ಯುಲೆನ್ಸ್ ಬರುವುದು ಕಷ್ಟ. ಅರವತ್ತು ದಾಟಿದವರ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. ಇದನ್ನು ಹೇಳಿದಾಗ ಚಿಕ್ಕಮ್ಮ, “ಕಾರ್ಕಳದ ಮನೆಯಲ್ಲಿ ರಾತ್ರಿ ಬಿದ್ದರೆ ಬೆಳಗ್ಗೆ ಹಾಲಿನವನು ಬರುವವರೆಗೆ ಗೊತ್ತಾಗುವುದಿಲ್ಲ ಮಗಾ” ಎಂದರು. ನಾನು ಉತ್ತರ ಕೊಡಲಿಲ್ಲ.

ನನ್ನ ಮನಸ್ಸು ತೆಗೆದುಕೊಳ್ಳುವ ಕಡೆಗೇ ಇದೆ, ಅವರೇ ಇರುವುದಾದರೆ, ಜಾಗದ ಕಾಗದ ಚೊಕ್ಕವಿದ್ದರೆ. ಮುಂಗಡ ಕೊಡುವ ಮೊದಲು ಆಟಿ ತಿಂಗಳ ಮಳೆಯಲ್ಲಿ ಆ ಕೋಣೆಯನ್ನು ಇನ್ನೊಮ್ಮೆ ನೋಡಬೇಕು, ಹಲಗೆ ಬಿಚ್ಚಿಸಲೇಬೇಕು ಎಂದು ಹೇಳಿ ಕಳಿಸಿದ್ದೇನೆ. ಅಷ್ಟರವರೆಗೆ ಕಾಯುತ್ತೇವೆ ಎಂದು ಆ ಕಡೆಯವರು ಇನ್ನೂ ಹೇಳಿಲ್ಲ. ಚಿಕ್ಕಮ್ಮ ಮಾತ್ರ ದೊಡ್ಡ ಕಡೆಯುವ ಕಲ್ಲನ್ನು ಯಾರಿಗೆ ಕೊಡುವುದೆಂದು ಈಗಲೇ ಕೇಳುತ್ತಿದ್ದಾರೆ.